ದೂರಪಾಠವೂ ವಿಕಲಾಂಗ ಮಕ್ಕಳ ಮನಸ್ಸೂ



೧೮೮೭ನೆಯ ಏಪ್ರಿಲ್ ತಿಂಗಳಲ್ಲಿ ಅಮೆರಿಕಾ ದೇಶದ ಅಲಬಾಮಾ ಪ್ರಾಂತದೊಳಗೆ, ಕಣ್ಣೂ ಕಿವಿಯೂ ಇಲ್ಲದ ಹೆಲೆನ್ ಕೆಲ್ಲರ್ ಎಂಬ ಬಾಲೆಯು ನೀರೆತ್ತುವ ಯಂತ್ರದ ಬಳಿ ನಿಂತಿದ್ದಳು. ಆಕೆಯ ಒಂದು ಕೈಯ ಮೇಲೆ ತಣ್ಣೀರು ಸುರಿಯುತ್ತಿರಲು, ಉಪಾಧ್ಯಾಯಿನಿ ಆನ್ ಸಲಿವನ್ನಳು ಇನ್ನೊಂದು ಅಂಗೈಯಲ್ಲಿ ನೀರೆಂಬ ಶಬ್ದವನ್ನು ಬೆರಳ ಸಂಜ್ಞೆಯಿಂದ ಮೂಡಿಸಿದಳು. ವಸ್ತುಗಳಿಗೆ ಹೆಸರುಂಟೆಂಬುದು ಆ ಮಗುವಿಗೆ ಆಗ ಹೊಳೆಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳವರೂ ಪುಟ್ಟರಾಜ ಗವಾಯಿಗಳವರೂ ಅಂಧಬಾಲಕರಿಗೆ ಸಂಗೀತವನ್ನು ಕಲಿಸಿದುದು ಒಂದೇ ಸೂರಿನಡಿ ಜೊತೆಯಲ್ಲಿದ್ದು. ಇಂತಹ ಮಕ್ಕಳಿಂದ ಗುರುವಿನ ಸಾಮೀಪ್ಯವನ್ನೇ ತಪ್ಪಿಸಿದ ಕಾಲವೊಂದು ಬಂದಿತು.

೨೦೨೦ನೆಯ ಮಾರ್ಚಿಯಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟುವು. ಕರ್ನಾಟಕದಲ್ಲಿ ೧ರಿಂದ ೫ನೆಯ ತರಗತಿಗಳು ಮರಳಿ ತೆರೆದುದು ೨೦೨೧ನೆಯ ಅಕ್ಟೋಬರ್ ೨೫ರಂದು. ನಡುವೆ ಪಾಠವು ಬಹುಮಟ್ಟಿಗೆ ಮೊಬೈಲಿನಲ್ಲಿಯೂ ದೂರದರ್ಶನದಲ್ಲಿಯೂ ನಡೆಯಿತು.

ಕಿವುಡ ಮಗುವು ಉಪಾಧ್ಯಾಯರ ತುಟಿಯನ್ನೂ ಕೈಸನ್ನೆಯನ್ನೂ ನೋಡಿ ಕಲಿಯುವುದಷ್ಟೆ. ಅಂಗೈಯಗಲದ ಗಾಜಿನೊಳಗೆ ಆ ಸನ್ನೆಯು ಕಿರಿದಾಗಿ, ಸಂಪರ್ಕವು ತಡೆದಾಗ ಅರ್ಧಕ್ಕೇ ನಿಲ್ಲುವುದು. ಅದಕ್ಕಿಂತಲೂ ದೊಡ್ಡ ಸಂಕಟವೊಂದುಂಟು. ಇಂತಹ ಮಕ್ಕಳ ತಂದೆತಾಯಿಗಳಲ್ಲಿ ಹೆಚ್ಚಿನವರಿಗೆ ಸನ್ನೆಭಾಷೆ ಬಾರದು. ಮಗುವು ಮನಬಿಚ್ಚಿ ಮಾತನಾಡುವ ಸ್ಥಳವೆಂದರೆ ಶಾಲೆ, ಅಲ್ಲಿಯ ಗೆಳೆಯರು. ಶಾಲೆ ಮುಚ್ಚಿದಂದು ಅದು ಹೆತ್ತವರ ಮನೆಯಲ್ಲಿಯೇ ಪರದೇಶಿಯಾಯಿತು. ಕಾರಣವಿಲ್ಲದ ಅಳು, ಊಟದ ಒಲ್ಲದಿಕೆ, ಎತ್ತಿ ಎಸೆಯುವ ಸಿಟ್ಟು, ಇವನ್ನು ಹಟವೆಂದು ತಿಳಿದು ಗದರಿಸಿದ ಹಿರಿಯರಿದ್ದಾರೆ. ಹೇಳಿಕೊಳ್ಳಲು ಭಾಷೆಯಿಲ್ಲದ ದುಃಖಕ್ಕೆ ಬೇರೆ ಯಾವ ದಾರಿಯಿದ್ದೀತು?

ಆಟಿಸಂ ಉಳ್ಳ ಮಗುವಿಗಾದರೋ ದಿನಚರಿಯೇ ಊರುಗೋಲು. ಅದೇ ಗಂಟೆ, ಅದೇ ಮಣೆ, ಅದೇ ಮುಖ; ಒಂದೇ ದಿನದಲ್ಲಿ ಇವೆಲ್ಲ ಮಾಯವಾದರೆ ಅಂಜದಿರುವುದೆಂತು? ಆದರೂ ಗದ್ದಲಕ್ಕೆ ಬೆದರುವ ಕೆಲವು ಮಕ್ಕಳು ಮನೆಯಲ್ಲಿ ನೆಮ್ಮದಿಯಿಂದ ಇದ್ದುದೂ ನಿಜ. ಅವಕ್ಕೆ ಶಾಲೆಗೆ ಮರಳುವುದೇ ಕಷ್ಟವಾಯಿತು. ಕೈಕಾಲುಗಳ ವ್ಯಾಯಾಮಚಿಕಿತ್ಸೆಯೂ ಮಾತಿನ ಚಿಕಿತ್ಸೆಯೂ ನಿಂತಲ್ಲಿ ಆ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಆಕೆಯ ಆಯಾಸವನ್ನು ಯಾರೂ ಲೆಕ್ಕವಿಡಲಿಲ್ಲ.

೨೦೧೬ರ ಅಂಗವಿಕಲರ ಹಕ್ಕುಗಳ ಶಾಸನದಂತೆ, ಶೇಕಡಾ ೪೦ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ೬ರಿಂದ ೧೮ ವಯಸ್ಸಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕುಂಟು. ಮನೆಯಲ್ಲಿ ಪಾಠವಾಗುವುದನ್ನೇ ದೋಷವೆಂದು ಎಣಿಸತಕ್ಕದ್ದಲ್ಲ. ತೀವ್ರ ವೈಕಲ್ಯದಿಂದ ಶಾಲೆಗೆ ಬರಲಾರದವರಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗೃಹಾಧಾರಿತ ಶಿಕ್ಷಣವಿದೆ. ಅಲ್ಲಿ ಶಿಕ್ಷಕರು ತಾವೇ ಮನೆಗೆ ಬಂದು ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವರು. ಓಣಿಯಲ್ಲಿ ಅಂತಹ ಮಗುವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ತಿಳಿಸಬಹುದು. ನೆರೆಯ ಮಕ್ಕಳು ನಾಲ್ಕು ಸನ್ನೆಗಳನ್ನು ಕಲಿತು, ಸಂಜೆಯ ಆಟಕ್ಕೆ ಅದನ್ನೂ ಕರೆಯಬಹುದು.