ಬೆನ್ನಿಗಿರುವವರ ಬಲ

ಕಡೂರು ಸೀಮೆಯ ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಇದೆಯಲ್ಲ, ಅದರ ದಡದಲ್ಲಿ ನಿಂತು ಒಂದು ಹಿಡಿ ಮಂಡಕ್ಕಿ ಎರಚಿ ನೋಡಿ. ಸಣ್ಣ ಮೀನುಗಳು ಬೆದರಿ ಚೆದುರುತ್ತವೆ. ಸ್ವಲ್ಪ ಹೊತ್ತಿಗೆ ಕಲ್ಲಿನ ಸಂದಿಯಿಂದ ಒಂದು ಮೀನು ಮುಂದೆ ಬಂದು, ಒಂದು ಕಾಳು ಕಚ್ಚಿ, ಬಾಲ ಬಡಿದು ಸರಕ್ಕನೆ ಹಿಂದೆ ಸರಿಯುತ್ತದೆ. ಮತ್ತೆ ಬರುತ್ತದೆ. ಅದರ ಬೆನ್ನಿಗೆ ಇನ್ನೊಂದು, ಆಮೇಲೆ ಇಡೀ ಹಿಂಡು.

ಆ ಮೊದಲ ಮೀನಿನ ಧೈರ್ಯ ಬರೀ ಹುಟ್ಟಿನಿಂದ ಬಂದದ್ದೇ? 2009ರಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿಗಳು ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನುಗಳನ್ನು ಜೋಡಿಯಾಗಿ ಬಿಟ್ಟು ಗಮನಿಸಿದರು. ಅಳುಕಿನ ಮೀನು ದಿಟ್ಟ ಜೊತೆಗಾರನ ಹಿಂದೆ ನಿಷ್ಠೆಯಿಂದ ಹೋಯಿತು. ಇದು ಊಹಿಸಬಹುದಾದದ್ದೇ. ನನ್ನ ಮನಸ್ಸು ಹಿಡಿದದ್ದು ಇನ್ನೊಂದು ಸಂಗತಿ: ಅಳುಕಿನ ಮೀನು ಜೊತೆಗಿದ್ದಾಗ ದಿಟ್ಟ ಮೀನಿನ ಮುಂದಾಳುತನವೂ ಹೆಚ್ಚಿತು.

ನಮ್ಮ ನಡುವೆಯೂ ಹೀಗೇ ಆಗುತ್ತದೆ. ಅಜ್ಜಂಪುರ, ತರೀಕೆರೆ ಕಡೆಯ ಗ್ರಾಮಸಭೆಗಳಲ್ಲಿ ಹೆಣ್ಣುಮಗಳೊಬ್ಬಳು ಕುಡಿಯುವ ನೀರಿನ ಮಾತೆತ್ತಲು ಅಳುಕುತ್ತಲೇ ಎದ್ದು ನಿಲ್ಲುತ್ತಾಳೆ. ಮೂಲೆಯಲ್ಲಿ ಕೂತ ಅಜ್ಜಿಯೊಬ್ಬರು “ಹೌದು ಕಣವ್ವ, ನಮ್ಮ ಬೀದಿಗೂ ಬಂದಿಲ್ಲ, ಕೇಳು” ಎಂದರೆ ಸಾಕು, ಅವಳ ದನಿ ಏರುವುದನ್ನು ನೀವೂ ಕೇಳಿರುತ್ತೀರಿ.