ಹೆಸರು ಒಂದೇ, ಮನುಷ್ಯರು ಇಬ್ಬರು

(ಗ್ರಾಹಕ ಜಾಗೃತಿ ಸಭೆಯೊಂದರಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಬ್ಯಾಂಕಿನ ಪ್ರಮಾದಗಳ ವಿರುದ್ಧ ಗ್ರಾಹಕರು ಏನು ಮಾಡಬೇಕೆಂದು ಮಾತನಾಡಲು ನನ್ನನ್ನು ಕರೆದಿದ್ದೀರಿ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಕೌಂಟರಿನ ಆಚೆ ಬದಿಯಲ್ಲಿ ಕುಳಿತಿದ್ದವನು. ಆದ್ದರಿಂದ ಇತರರ ತಪ್ಪನ್ನು ಹೇಳುವುದಕ್ಕಿಂತ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುವುದು ನ್ಯಾಯವೆಂದು ಭಾವಿಸುತ್ತೇನೆ.

2000ದ ದಶಕದ ಮಧ್ಯಭಾಗ. ಶಾಖೆಯ ದಪ್ಪ ಲೆಡ್ಜರುಗಳಲ್ಲಿದ್ದ ಖಾತೆಗಳನ್ನು ಕಂಪ್ಯೂಟರಿನ ಕೇಂದ್ರೀಕೃತ ವ್ಯವಸ್ಥೆಗೆ ವರ್ಗಾಯಿಸುವ ಕಾರ್ಯ ಭರದಿಂದ ಸಾಗಿತ್ತು. ಹೊಸ ವ್ಯವಸ್ಥೆಯಲ್ಲಿ ಒಬ್ಬ ಗ್ರಾಹಕನಿಗೆ ಒಂದೇ ಗ್ರಾಹಕ ಸಂಖ್ಯೆ. ಆತನ ಉಳಿತಾಯ, ಠೇವಣಿ, ಸಾಲ ಎಲ್ಲವೂ ಆ ಸಂಖ್ಯೆಯ ಅಡಿಯಲ್ಲಿ ಬರಬೇಕು. ಹೆಸರು ಮತ್ತು ಗಂಡನ ಅಥವಾ ತಂದೆಯ ಹೆಸರು ಹೊಂದಿಕೆಯಾದರೆ ನಾವು ಖಾತೆಗಳನ್ನು ಒಂದುಗೂಡಿಸುತ್ತಿದ್ದೆವು. ನಮ್ಮ ಶಾಖೆಯಲ್ಲಿ ಒಂದೇ ಹೆಸರಿನ ಇಬ್ಬರು ಮಹಿಳೆಯರಿದ್ದರು. ಅವರ ಗಂಡಂದಿರ ಹೆಸರೂ ಒಂದೇ. ಊರು ಮಾತ್ರ ಬೇರೆ, ಅದೂ ಅಕ್ಕಪಕ್ಕದ ಗ್ರಾಮಗಳು. ಒಂದು ಸಂಜೆ, ಮನೆಗೆ ಹೋಗುವ ಅವಸರದಲ್ಲಿ, ನಾನು ಆ ಇಬ್ಬರನ್ನು ಒಬ್ಬರನ್ನಾಗಿ ಮಾಡಿಬಿಟ್ಟೆ.

ಅವರಲ್ಲೊಬ್ಬರು ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದ ವಿಧವೆ. ಇನ್ನೊಬ್ಬರು ಸಾಲ ಪಡೆದು ಕಂತು ಬಾಕಿ ಉಳಿಸಿಕೊಂಡಿದ್ದರು. ಸಾಲ ಬಾಕಿಯಿರುವ ಗ್ರಾಹಕರ ಉಳಿತಾಯದ ಹಣವನ್ನು ತಡೆಹಿಡಿಯುವ ಕ್ರಮ ಬಂದಾಗ ಬೀಡಿ ಕಟ್ಟುವ ಆ ತಾಯಿಯ ಖಾತೆಗೆ ತಡೆ ಬಿತ್ತು. ಮಗಳನ್ನು ಕಾಲೇಜಿಗೆ ಸೇರಿಸಲೆಂದು ಆಕೆ ಹಣ ತೆಗೆಯಲು ಬಂದರು. "ನಿಮ್ಮ ಸಾಲ ಬಾಕಿಯಿದೆ, ತೀರಿಸಿ ಬನ್ನಿ" ಎಂದೆ. "ನಾನು ಸಾಲ ತೆಗೆದಿಲ್ಲ ಸಾರ್" ಎಂದರು. ಕಂಪ್ಯೂಟರಿನ ಪರದೆಯನ್ನು ಅವರತ್ತ ತಿರುಗಿಸಿ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ನಾಲ್ಕು ಬಾರಿ ಬಂದರು, ನಾಲ್ಕು ಬಾರಿಯೂ ಅದೇ ಉತ್ತರ ಕೊಟ್ಟು ಕಳುಹಿಸಿದೆ. ಸಾಲ ಪಡೆದವರು ಹೀಗೆಯೇ ಹೇಳುತ್ತಾರೆಂದು ನನ್ನ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು.

ಐದನೆಯ ಬಾರಿ ಆಕೆ ಬಂದಾಗ ಕೈಯಲ್ಲೊಂದು ಅರ್ಜಿಯಿತ್ತು. ಅವರ ಊರಿನ ಶಾಲಾ ಮಾಸ್ತರರೊಬ್ಬರು ಬರೆದುಕೊಟ್ಟದ್ದು. ಕೇವಲ ಎಂಟು ಸಾಲು. "ನಾನು ಈ ಸಾಲ ಪಡೆದಿಲ್ಲ. ಸಾಲದ ಪತ್ರದಲ್ಲಿರುವ ಸಹಿ ಮತ್ತು ಭಾವಚಿತ್ರವನ್ನು ನನಗೆ ತೋರಿಸಬೇಕು" ಎಂಬುದು ಅದರ ಸಾರ. ಅರ್ಜಿ ಬಂದರೆ ಅದನ್ನು ಆವಕ ವಹಿಯಲ್ಲಿ ನಮೂದಿಸಬೇಕು. ನಮೂದಿಸಿದರೆ ಉತ್ತರ ಕೊಡಲೇಬೇಕು. ವ್ಯವಸ್ಥಾಪಕರು ದಾಖಲೆ ಕೊಠಡಿಯಿಂದ ಮೂಲ ಪತ್ರಗಳನ್ನು ತರಿಸಿದರು. ಮೇಜಿನ ಮೇಲೆ ಎರಡು ಅರ್ಜಿ ನಮೂನೆಗಳು. ಒಂದರಲ್ಲಿ ಸಹಿ, ಇನ್ನೊಂದರಲ್ಲಿ ಹೆಬ್ಬೆಟ್ಟು. ಎರಡು ಬೇರೆ ಬೇರೆ ಮುಖಗಳು. ಸತ್ಯವನ್ನು ಕಂಡುಕೊಳ್ಳಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ಆದರೆ ಅಷ್ಟರಲ್ಲಿ ಐದು ತಿಂಗಳು ಕಳೆದಿದ್ದವು. ಬ್ಯಾಂಕು ಆಕೆಯ ಹಣವನ್ನು ಬಿಡುಗಡೆ ಮಾಡಿತು. ಮಗಳು ಕಳೆದುಕೊಂಡ ಆ ವರ್ಷವನ್ನು ನಾವು ಯಾರೂ ಮರಳಿಸಲಿಲ್ಲ.

ಸಹೋದರರೇ, ಈ ಘಟನೆಯನ್ನು ಹೇಳಲು ಒಂದು ಕಾರಣವಿದೆ. ಆ ತಾಯಿ ನಾಲ್ಕು ಬಾರಿ ಹೇಳಿದ್ದು ಸತ್ಯವೇ ಆಗಿತ್ತು. ಆದರೆ ಬಾಯಿಮಾತಿಗೆ ಬ್ಯಾಂಕಿನಲ್ಲಿ ದಿನಾಂಕವಿಲ್ಲ, ಸಂಖ್ಯೆಯಿಲ್ಲ, ಸಾಕ್ಷಿಯಿಲ್ಲ. ಎಂಟು ಸಾಲಿನ ಕಾಗದ ಬಂದೊಡನೆ ಅದೇ ಸತ್ಯಕ್ಕೆ ಉತ್ತರ ಕೊಡಬೇಕಾದ ಹೊಣೆ ನಮ್ಮ ಮೇಲೆ ಬಿತ್ತು. ನಾನು ಇಂದು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು ಇಷ್ಟೇ: ತಪ್ಪು ಬ್ಯಾಂಕಿನದೇ ಆದರೂ ತಿದ್ದುವಿಕೆ ಆರಂಭವಾಗುವುದು ನಿಮ್ಮ ಲಿಖಿತ ದೂರಿನಿಂದ.

ಅದು ಹಳೆಯ ಕಾಲ, ಈಗ ಎಲ್ಲವೂ ಯಂತ್ರದಿಂದ ನಡೆಯುತ್ತದೆ, ಇಂತಹ ತಪ್ಪು ಸಂಭವಿಸದು ಎಂದು ನೀವು ಹೇಳಬಹುದು. ದುರದೃಷ್ಟವಶಾತ್ ಪರಿಸ್ಥಿತಿ ಹಾಗಿಲ್ಲ. ಆಧಾರ್ ಸಂಖ್ಯೆಯನ್ನೇ ನೋಡಿ. ಅದರ ಹನ್ನೆರಡು ಅಂಕೆಗಳಲ್ಲಿ ಕೊನೆಯದು ಪರೀಕ್ಷಕ ಅಂಕೆ. ಗುಮಾಸ್ತ ಒಂದು ಅಂಕೆಯನ್ನು ತಪ್ಪಾಗಿ ಒತ್ತಿದರೆ ಯಂತ್ರ ಅದನ್ನು ತಿರಸ್ಕರಿಸುತ್ತದೆ. ಆದರೆ ಸರಿಯಾದ ಸಂಖ್ಯೆಯನ್ನು ಅದೇ ಹೆಸರಿನ ಬೇರೊಬ್ಬರ ಖಾತೆಗೆ ಜೋಡಿಸಿದರೆ? ಪರೀಕ್ಷಕ ಅಂಕೆ ಅಲ್ಲಿ ಏನನ್ನೂ ಹಿಡಿಯದು. ಅಂಕೆಯ ತಪ್ಪನ್ನು ಯಂತ್ರ ಕಾಣಬಲ್ಲದು, ಮನುಷ್ಯ ಅದಲುಬದಲಾದುದನ್ನು ಮನುಷ್ಯನೇ ಕಾಣಬೇಕು.

ಇದರ ಪರಿಣಾಮ ಸಣ್ಣದಲ್ಲ. ಸರಕಾರದ ನೇರ ನಗದು ವರ್ಗಾವಣೆಯ ಹಣ ಬಹಳಷ್ಟು ಸಂದರ್ಭಗಳಲ್ಲಿ ಖಾತೆ ಸಂಖ್ಯೆಯನ್ನು ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ನೋಡಿ ಬರುತ್ತದೆ. ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಒಂದು ಆಧಾರ್ ಸಂಖ್ಯೆಗೆ ಒಂದು ವೇಳೆಗೆ ಒಂದೇ ಬ್ಯಾಂಕು ಜೋಡಣೆಯಾಗಿರುತ್ತದೆ. ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಹಣ ಹೋಗುತ್ತದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಗೊಂಡ ಗೃಹಲಕ್ಷ್ಮಿ ಯೋಜನೆಯ ಮಾಸಿಕ 2,000 ರೂಪಾಯಿ ಕೂಡ ನೇರ ವರ್ಗಾವಣೆಯ ಹಾದಿಯಲ್ಲೇ ಬರುತ್ತದೆ. ಜೋಡಣೆ ತಪ್ಪಿದ್ದರೆ ಸರಕಾರದ ಕಡತದಲ್ಲಿ ಪಾವತಿಯಾಗಿದೆ ಎಂದಿರುತ್ತದೆ, ತಾಯಿಯ ಕೈ ಮಾತ್ರ ಬರಿದಾಗಿರುತ್ತದೆ.

ದೇಶ ಇದರ ಒಂದು ದೊಡ್ಡ ನಿದರ್ಶನವನ್ನು ಕಂಡಿದೆ. 2017ರಲ್ಲಿ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕ್, ಮೊಬೈಲ್ ಸಿಮ್‌ನ ಪರಿಶೀಲನೆಗೆಂದು ಆಧಾರ್ ಕೊಟ್ಟ ಗ್ರಾಹಕರ ಹೆಸರಿನಲ್ಲಿ ಸ್ಪಷ್ಟ ಒಪ್ಪಿಗೆಯಿಲ್ಲದೆ ಖಾತೆಗಳನ್ನು ತೆರೆದ ಆರೋಪಕ್ಕೆ ಗುರಿಯಾಯಿತು. ಅಡುಗೆ ಅನಿಲದ ಸಬ್ಸಿಡಿ ಗ್ರಾಹಕರಿಗೆ ಗೊತ್ತಿಲ್ಲದೆಯೇ ಆ ಹೊಸ ಖಾತೆಗಳಿಗೆ ಜಮೆಯಾಗತೊಡಗಿತ್ತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಆ ಸಂಸ್ಥೆಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು. ಬಡವನ ಹಣ ದಾರಿ ತಪ್ಪಿದ್ದನ್ನು ಬಡವನೇ ಕಂಡುಹಿಡಿಯಬೇಕೆಂಬ ವ್ಯವಸ್ಥೆ ಎಷ್ಟು ನ್ಯಾಯಯುತ ಎಂಬ ಪ್ರಶ್ನೆಯನ್ನು ನಾವು ಆಳುವವರ ಮುಂದೆ ಇಡಲೇಬೇಕಾಗಿದೆ. ಸವಲತ್ತು ತಲುಪಿದವರ ಅಂಕಿ ಸಂಖ್ಯೆಯನ್ನು ವೇದಿಕೆಗಳಲ್ಲಿ ಓದುವ ಸರಕಾರಗಳು, ತಲುಪದೆ ಹೋದವರು ದೂರು ಹೇಳಿಕೊಳ್ಳಲು ಪ್ರತಿ ಪಂಚಾಯತಿನಲ್ಲೂ ಒಂದು ಕಿಟಕಿಯನ್ನು ತೆರೆಯಬೇಡವೇ?

ಇನ್ನು ನಮ್ಮ ಕಡೆಗೂ ನೋಡೋಣ. ಸಮುದಾಯದ ಸುಧಾರಣೆಯ ಬಗ್ಗೆ ಮಾತನಾಡುವವರು ಇದನ್ನು ಸಣ್ಣ ವಿಷಯವೆಂದು ಬದಿಗಿಡಬಾರದು. ನಮ್ಮಲ್ಲಿ ಒಂದೇ ಹೆಸರಿನವರು ಹೇರಳ. ಒಂದು ಬೀದಿಯಲ್ಲಿ ಮೂವರು ಅಬ್ದುಲ್ ರಹ್ಮಾನರು, ಐವರು ಫಾತಿಮಾರು ಸಿಗುವುದು ಸೋಜಿಗವಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಬ್ಬನದೇ ಹೆಸರು ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಪಾಸ್‌ಪೋರ್ಟಿನಲ್ಲಿ ಮುಹಮ್ಮದ್, ಪಡಿತರ ಚೀಟಿಯಲ್ಲಿ ಎಂ.ಡಿ. ಎಂದಿದ್ದರೆ ಯಾರು ಯಾರೆಂದು ಗುಮಾಸ್ತ ಹೇಗೆ ನಿರ್ಧರಿಸಬೇಕು? ಹುಟ್ಟಿದ ದಿನಾಂಕವನ್ನು ಶಾಲೆಗೆ ಸೇರಿಸುವಾಗ ಅಂದಾಜಿಗೆ ಬರೆಸಿದವರು ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯಿಲ್ಲ! ಇಬ್ಬರನ್ನು ಬೇರ್ಪಡಿಸಬಲ್ಲ ಗುರುತುಗಳೆಂದರೆ ಮನೆಯ ಹೆಸರು, ತಂದೆಯ ಹೆಸರು, ಜನ್ಮ ದಿನಾಂಕ. ಅವು ಎಲ್ಲ ದಾಖಲೆಗಳಲ್ಲೂ ಒಂದೇ ಆಗಿರುವಂತೆ ಮಾಡಿಕೊಳ್ಳುವುದು ಪ್ರತಿ ಕುಟುಂಬದ ಹೊಣೆ.

ಇನ್ನೊಂದು ವಿಷಯ ಕರಾವಳಿಯವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಗಲ್ಫಿಗೆ ಹೋದ ಮಗ ಊರಿನ ಸಿಮ್‌ಗೆ ರೀಚಾರ್ಜ್ ಮಾಡದೆ ಬಿಡುತ್ತಾನೆ. ನಿಷ್ಕ್ರಿಯಗೊಂಡ ಸಂಖ್ಯೆಯನ್ನು 90 ದಿನಗಳ ನಂತರ ಕಂಪೆನಿ ಬೇರೊಬ್ಬರಿಗೆ ಕೊಡಬಹುದು. ಬ್ಯಾಂಕಿನಲ್ಲಿ ಮಾತ್ರ ಹಳೆಯ ಸಂಖ್ಯೆಯೇ ಉಳಿದಿರುತ್ತದೆ. ಆ ಬಳಿಕ ಆತನ ಖಾತೆಯ ಸಂದೇಶಗಳೂ, ಒಟಿಪಿಯೂ ಯಾರೋ ಅಪರಿಚಿತನ ಕೈಗೆ ತಲುಪುತ್ತವೆ. ಊರು ಬಿಡುವ ಮುನ್ನ ಬ್ಯಾಂಕಿನಲ್ಲಿ ಸಂಖ್ಯೆಯನ್ನು ಬದಲಿಸಿ ಹೋಗಿರಿ, ಇಲ್ಲವೇ ಆ ಸಿಮ್ ಜೀವಂತವಾಗಿರುವಂತೆ ನೋಡಿಕೊಳ್ಳಿರಿ.

ಈಗ, ತಪ್ಪು ಕಂಡುಬಂದಾಗ ಮಾಡಬೇಕಾದ ಕ್ರಮವನ್ನು ಹೇಳುತ್ತೇನೆ. ದಯವಿಟ್ಟು ಗಮನವಿಟ್ಟು ಕೇಳಿರಿ.

ಮೊದಲನೆಯದಾಗಿ, ಶಾಖೆಗೆ ಲಿಖಿತ ದೂರು ಕೊಡಿ. ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಮೊಹರು, ದಿನಾಂಕ ಮತ್ತು ಸಹಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ. ಮೂಲ ಅರ್ಜಿ ನಮೂನೆ, ಸಹಿ ಮತ್ತು ಭಾವಚಿತ್ರವನ್ನು ತಾಳೆ ನೋಡಬೇಕೆಂದು ಸ್ಪಷ್ಟವಾಗಿ ಬರೆಯಿರಿ. ಇನ್ನೊಬ್ಬ ಗ್ರಾಹಕನ ವಿವರ ನಿಮ್ಮ ಕೈಗೆ ಬಂದಿದ್ದರೆ ಅದನ್ನು ಯಾರಿಗೂ ಹಂಚದೆ ಬ್ಯಾಂಕಿಗೆ ಮರಳಿಸಿ. ಅದು ಆತನ ಅಮಾನತು.

ಎರಡನೆಯದಾಗಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಿ. 1995ರಲ್ಲಿ ಆರಂಭವಾದ ಈ ವ್ಯವಸ್ಥೆಯನ್ನು 2021ರ ನವೆಂಬರ್‌ನಲ್ಲಿ ದೇಶಕ್ಕೆಲ್ಲ ಒಂದೇ ಆಗುವಂತೆ ಒಗ್ಗೂಡಿಸಲಾಯಿತು. ದೂರನ್ನು ಅಂತರ್ಜಾಲದ ಮೂಲಕವೂ, ಚಂಡೀಗಢದಲ್ಲಿರುವ ಕೇಂದ್ರಕ್ಕೆ ಅಂಚೆಯ ಮೂಲಕವೂ ಸಲ್ಲಿಸಬಹುದು. 14448 ಸಂಖ್ಯೆಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಮೊದಲು ಬ್ಯಾಂಕಿಗೇ ದೂರು ಕೊಟ್ಟಿರಬೇಕು. ಮೊಹರು ಬಿದ್ದ ಪ್ರತಿಯ ಬೆಲೆ ಗೊತ್ತಾಗುವುದು ಇಲ್ಲಿಯೇ. ಊರಿನ ಕೃಷಿ ಪತ್ತಿನ ಸಹಕಾರ ಸಂಘಗಳು ಈ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿನ ದೂರನ್ನು ಸಹಕಾರ ಇಲಾಖೆಗೆ ಒಯ್ಯಬೇಕು.

ಮೂರನೆಯದಾಗಿ, ಬೇರೆಯವರ ಸಾಲ ನಿಮ್ಮ ಹೆಸರಿಗೆ ಅಂಟಿದ್ದರೆ ಬ್ಯಾಂಕಿನಲ್ಲಿ ಸರಿಪಡಿಸಿದಷ್ಟಕ್ಕೆ ಅದು ಮುಗಿಯುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಸಾಲಗಾರರ ಚರಿತ್ರೆಯನ್ನು ದಾಖಲಿಸುತ್ತವೆ. ಮನೆ ಸಾಲವೋ, ಮಕ್ಕಳ ಶಿಕ್ಷಣ ಸಾಲವೋ ಕೇಳಿದಾಗ ಬ್ಯಾಂಕು ನೋಡುವುದು ಈ ವರದಿಯನ್ನೇ. ಪ್ರತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ವರದಿಯಲ್ಲಿ ತಪ್ಪಿದ್ದರೆ ತಿದ್ದಿಸುವ ಹಕ್ಕನ್ನು 2005ರ ಕಾಯ್ದೆಯೇ ಕೊಟ್ಟಿದೆ. 30 ದಿನಗಳೊಳಗೆ ದೂರು ಇತ್ಯರ್ಥವಾಗದಿದ್ದರೆ ಆ ಬಳಿಕದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಅದು 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ಈ ಹಕ್ಕಿನ ಅರಿವು ಎಷ್ಟು ಮಂದಿಗಿದೆ?

ನಾಲ್ಕನೆಯದಾಗಿ, ಸವಲತ್ತಿನ ಹಣ ಬಾರದಿದ್ದರೆ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೆಂದು ಮೊದಲು ನೋಡಿರಿ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅದನ್ನು ತಿಳಿಯಬಹುದು. ನಮ್ಮ ಯುವಕರು ನೆರೆಮನೆಯ ಹಿರಿಯರಿಗೆ ಈ ಒಂದು ಉಪಕಾರ ಮಾಡಿದರೂ ಸಾಕು.

ಇದಕ್ಕೆ ಇನ್ನೊಂದು ಮುಖವಿದೆ. ತಪ್ಪಿನಿಂದ ಮತ್ತೊಬ್ಬರ ಹಣ ನಮ್ಮ ಖಾತೆಗೆ ಬಂದರೆ? "ಬ್ಯಾಂಕು ಹಾಕಿತು, ನಾನೇನು ಕದ್ದೆನೇ?" ಎಂದು ಕೇಳುವವರಿದ್ದಾರೆ. ತಪ್ಪಾಗಿ ಸಂದಾಯವಾದ ಹಣವನ್ನು ಪಡೆದವನು ಮರಳಿಸಲೇಬೇಕೆಂದು 1872ರ ಕರಾರು ಕಾಯ್ದೆಯ 72ನೇ ಕಲಮು ಹೇಳುತ್ತದೆ. ಕಾಯ್ದೆ ಹೇಳದಿದ್ದರೂ ನಮ್ಮ ಅಂತಃಸಾಕ್ಷಿ ಹೇಳಬೇಡವೇ? ಆ ಹಣದ ಆಚೆ ತುದಿಯಲ್ಲಿ, ಬೀಡಿ ಕಟ್ಟುವ ಕೈಗಳುಳ್ಳ ಒಬ್ಬಾಕೆ ಕೌಂಟರಿನ ಮುಂದೆ ನಿಂತಿರಬಹುದು. ಬ್ಯಾಂಕಿನಿಂದ ನ್ಯಾಯ ಕೇಳುವವರು ತಾವೂ ನ್ಯಾಯವಂತರಾಗಿರಬೇಕು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ತಪ್ಪು ವಿವರವನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಜಾರಿ ಹಂತ ಹಂತವಾಗಿ ನಡೆಯಬೇಕಾಗಿದೆ. ಕಾಯ್ದೆಗಳು ಬರುತ್ತವೆ. ಆದರೆ ಕಾಯ್ದೆಯನ್ನು ಕೌಂಟರಿನವರೆಗೆ ಕೊಂಡೊಯ್ಯಲು ಒಂದು ಅರ್ಜಿ ಬೇಕು, ಅರ್ಜಿ ಬರೆಯಲು ಒಬ್ಬ ಅಕ್ಷರಸ್ಥ ಬೇಕು.

ಆದ್ದರಿಂದ ನನ್ನದೊಂದು ವಿನಂತಿ. ಈ ಸಭೆಯಲ್ಲಿ ಬರೆಯಬಲ್ಲವರು ಅನೇಕರಿದ್ದೀರಿ. ವಾರಕ್ಕೊಂದು ಗಂಟೆಯನ್ನು ಬರೆಯಲು ಬಾರದವರಿಗಾಗಿ ಮೀಸಲಿಡಿ. ಯಾರದೋ ಪಾಸ್‌ಬುಕ್ ನೋಡಿಕೊಡಿ, ಯಾರದೋ ದೂರು ಬರೆದುಕೊಡಿ. ನಾನು ನಿವೃತ್ತನಾದಂದಿನಿಂದ ಪ್ರತಿ ಶನಿವಾರ ಸಂಜೆ ನನ್ನ ಮನೆಯ ಜಗಲಿಯಲ್ಲಿ ಇದನ್ನು ಮಾಡುತ್ತ ಬಂದಿದ್ದೇನೆ. ಆ ತಾಯಿಯ ಮಗಳು ಮರುವರ್ಷ ಕಾಲೇಜು ಸೇರಿದಳೋ ಇಲ್ಲವೋ ಎಂದು ವಿಚಾರಿಸುವ ಧೈರ್ಯ ಅಂದು ನನಗಿರಲಿಲ್ಲ. ಬಳಿಕ ನನಗೆ ಬೇರೆ ಶಾಖೆಗೆ ವರ್ಗವಾಯಿತು. ಅಂದು ಆ ಮಾಸ್ತರರು ಮಾಡಿದ್ದು ಎಂಟು ಸಾಲಿನ ಕೆಲಸ. ಅದನ್ನು ಮೊದಲನೆಯ ದಿನವೇ ಯಾರಾದರೂ ಮಾಡಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ.