ಪಾಠಶಾಲೆಯೂ ಮನೆಯೂ



ಮಕ್ಕಳ ವಿದ್ಯಾಭ್ಯಾಸವೆಂಬುದು ಜೋಡೆತ್ತಿನ ಬಂಡಿ. ಉಪಾಧ್ಯಾಯರೊಂದು ಕಡೆಗೆ, ತಂದೆತಾಯಿಗಳೊಂದು ಕಡೆಗೆ ಎಳೆದರೆ ಬಂಡಿಯು ನಡುದಾರಿಯಲ್ಲಿ ನಿಲ್ಲುವುದು. ಹೊಂದಿ ನಡೆಯಬೇಕಾದರೆ ಒಬ್ಬರು ಕಂಡುದನ್ನು ಇನ್ನೊಬ್ಬರು ಅರಿಯಬೇಕಷ್ಟೆ.

2009ನೆಯ ಇಸವಿಯ ಶಿಕ್ಷಣ ಹಕ್ಕಿನ ಕಾಯಿದೆಯು 2010ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ತಂದೆತಾಯಿಗಳ ಸಭೆಯನ್ನು ಕ್ರಮವಾಗಿ ಕೂಡಿಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ಇವನ್ನು ತಿಳಿಸುವುದು ಉಪಾಧ್ಯಾಯರ ಕರ್ತವ್ಯವೆಂದು ಅದರ 24ನೆಯ ಪ್ರಕರಣವು ವಿಧಿಸಿದೆ. ಆದುದರಿಂದ ಇದು ಶಾಲೆಯು ತೋರುವ ದಾಕ್ಷಿಣ್ಯವಲ್ಲ. ಮನೆಗೆ ಸಲ್ಲತಕ್ಕ ಋಣ.

ಅಕ್ಷರವನ್ನರಿಯದ ತಾಯಿಯ ಕೈಗೆ ಅಂಕಪಟ್ಟಿಯನ್ನಿತ್ತು ಹೆಬ್ಬೆಟ್ಟು ಒತ್ತಿಸಿಕೊಂಡ ಮಾತ್ರಕ್ಕೆ ಈ ಋಣವು ತೀರಲಾರದು. ಗಣಿತದಲ್ಲಿ 35 ಎಂದರೆ ಆಕೆಗೆ ತಿಳಿಯುವುದೇನು? “ಕೂಡುವ ಲೆಕ್ಕವನ್ನು ಬಲ್ಲನು, ಕಳೆಯುವುದರಲ್ಲಿ ತಪ್ಪುವನು, ಸಂತೆಯ ಚಿಲ್ಲರೆಯನ್ನು ಅವನಿಂದಲೇ ಎಣಿಸಿರಿ ತಾಯಿ” ಎಂದರೆ ಆಕೆಯೂ ಗುರುವಾಗುವಳು. ಅಂತೆಯೇ ಸುಗ್ಗಿಯಲ್ಲಿ ಮಗನನ್ನು ಹೊಲಕ್ಕೆ ಕರೆದೊಯ್ದ ತಂದೆಯು ಅದನ್ನು ಮುಚ್ಚಿಡದೆ ತಿಳಿಸಿದರೆ, ಉಪಾಧ್ಯಾಯರು ಹುಡುಗನನ್ನು ದಡ್ಡನೆಂದು ಜರೆಯದೆ ತಪ್ಪಿದ ಪಾಠವನ್ನು ಹೇಳಿಕೊಡುವರು.

ದೂರು ಹೇಳುವುದಕ್ಕೆ ಮಾತ್ರ ಕರೆಯುವ ಶಾಲೆಯ ಹೊಸ್ತಿಲನ್ನು ತುಳಿಯಲು ಬಡವರು ಅಂಜುವರು. ಕೂಲಿ ತಪ್ಪದ ಹೊತ್ತಿನಲ್ಲಿ ಅವರನ್ನು ಬರಮಾಡಿಕೊಂಡು, ಮೊದಲು ಮಗುವಿನ ಗುಣವನ್ನೂ ಬಳಿಕ ಕೊರತೆಯನ್ನೂ ಹೇಳುವುದು ಲೇಸು. ಮನೆಯಿಂದ ದೂರವಾಗಿ ಮಠಗಳ ಪ್ರಸಾದನಿಲಯಗಳಲ್ಲಿದ್ದು ಓದುವ ಮಕ್ಕಳ ವಿಷಯದಲ್ಲಂತೂ ಇದು ಇಮ್ಮಡಿಯಾಗಿ ಆವಶ್ಯಕವು. ಅಂಥ ಮಗುವಿನ ಯೋಗಕ್ಷೇಮವನ್ನು ತಿಳಿಸುವ ನಾಲ್ಕು ಮಾತು ಹೆತ್ತವರ ಕಿವಿಗೆ ತಿಂಗಳಿಗೊಮ್ಮೆಯಾದರೂ ಬೀಳಲಿ. ಮಠ, ಮನೆ, ಶಾಲೆಗಳು ಒಂದೇ ಮಾತಿನಲ್ಲಿ ನಿಂತಾಗ ಮಗುವಿನ ವಿದ್ಯೆಯು ನೆಲೆಗೊಳ್ಳುವುದು.